ಮಟ್ಟಗಾರನ ಮಗಳು ಓದಿದ್ದು

ನಮ್ಮಣ್ಣ ಮೌನೇಶಾಚಾರಿ ಯಾರ ಮನೆಗೆ ಹೋದರೂ ಸೈಕಲ್ಲಿನಿಂದ ಇಳಿಯುವ ಮೊದಲೇ ಆ ಮನೆ ಎಷ್ಟು ವಾಲಿದೆ ಎಂದು ಹೇಳಿಬಿಡುತ್ತಿದ್ದ. ಆಮೇಲೆ ರಸಮಟ್ಟ ಇಟ್ಟು ನೋಡಿದರೆ ಅವನು ಹೇಳಿದ್ದಕ್ಕೂ ಗುಳ್ಳೆ ನಿಂತ ಜಾಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಇಂಥವರನ್ನು ನಮ್ಮೂರಿನಲ್ಲಿ ಮಟ್ಟಗಾರರು ಎನ್ನುತ್ತಾರೆ. ಯುಗಾದಿಯಿಂದ ದೀಪಾವಳಿಯವರೆಗೆ ಊರು ಕೆರೆಯ ಕಡೆಗೆ ವಾಲಿರುತ್ತದೆ, ದೀಪಾವಳಿಯಿಂದ ಯುಗಾದಿಯವರೆಗೆ ಗುಡ್ಡದ ಕಡೆಗೆ. ಮಧ್ಯೆ ವರ್ಷಕ್ಕೆರಡು ಸಲ ಊರು ಹೊರಳುತ್ತದೆ. ಹೊರಳಿದ ಮೇಲೆ ಪ್ರತಿ ಮನೆಯ ಗೋಡೆಗಳ ಅಡಿಯಲ್ಲಿರುವ ಜಾಕುಗಳನ್ನು ತಿರುಗಿಸಿ, ಬೆಣೆ ಬದಲಿಸಿ, ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿಕೊಡಬೇಕು. ನೆಲವನ್ನು ಯಾರೂ ಸರಿಮಾಡಲು ಹೋಗುವುದಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಅಡಿಗೆ ಒಂದು ಬೆಣೆ ಇಟ್ಟುಕೊಳ್ಳುತ್ತೇವೆ, ಅಷ್ಟೆ. ಆರು ತಿಂಗಳು ನಮ್ಮ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ, ಆರು ತಿಂಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಮದುವೆ ಮನೆಯಲ್ಲಿ ಬೀಗರನ್ನು ಎತ್ತರದ ಬದಿಗೆ ಕೂರಿಸಲಿಲ್ಲ ಎಂದು ಮುನಿಸಿಕೊಂಡವರಿದ್ದಾರೆ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಮಗೆ ಕೇಳಬೇಕೆಂದು ಅನ್ನಿಸಿಯೇ ಇಲ್ಲ.

ಅಣ್ಣ ಮೂವತ್ತೆರಡು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ. ಆದರೆ ಅವನು ನಿಲ್ಲಿಸಿದ ಗೋಡೆ ಸರಿಯಾಗಿದೆ ಎನ್ನುವ ಪತ್ರಕ್ಕೆ ಅವನು ಸಹಿ ಹಾಕುವಂತಿರಲಿಲ್ಲ. ಸಹಿ ಹಾಕಲು ವಾಲು ಎಂಜಿನಿಯರಿಂಗ್ ಓದಿರಬೇಕು. ಓದಿದವರು ಮಟ್ಟದ ಕಚೇರಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು, ನೆಳಲಿನಲ್ಲಿ ನಿಂತು, "ಏನಾಚಾರ್ರೇ, ಆಯ್ತಾ?" ಎಂದು ಕೇಳುತ್ತಿದ್ದರು. ಅಣ್ಣ "ಆಯ್ತು ಸಾರ್" ಎಂದರೆ ಸಹಿ ಬೀಳುತ್ತಿತ್ತು. ಅವರಲ್ಲಿ ಅರ್ಧ ಜನಕ್ಕೆ ಕೆಲಸ ಕಲಿಸಿದವನು ಅವನೇ. ಈ ಸಂಗತಿ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತೆಂದು ಮನೆಯವರಿಗೆ ಮಾತ್ರ ಗೊತ್ತು. ಆದ್ದರಿಂದ ಅವನ ಒಬ್ಬಳೇ ಮಗಳು ಪದ್ಮಾಕ್ಷಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಪ್ರವೇಶ ಪರೀಕ್ಷೆಯಲ್ಲೂ ಒಳ್ಳೆಯ ರ‍್ಯಾಂಕ್ ಪಡೆದಾಗ, ಅವಳು ಏನು ಓದಬೇಕು ಎನ್ನುವುದು ಅವನ ಪಾಲಿಗೆ ಪ್ರಶ್ನೆಯೇ ಆಗಿರಲಿಲ್ಲ. ನಮ್ಮೂರ ಕಾಲೇಜಿನಲ್ಲಿ ವಾಲು ವಿಭಾಗಕ್ಕೆ ಮೂವತ್ತು ಸೀಟು. ಓದು ಮುಗಿಸಿದ ಮೂವತ್ತು ಜನಕ್ಕೂ ಮಟ್ಟದ ಕಚೇರಿಯಲ್ಲಿ ಕೆಲಸ. ಅವನು ಬೀದಿಯವರಿಗೆಲ್ಲ ಆಗಲೇ ಹೇಳಿಕೊಂಡು ಬಂದಿದ್ದ.

ಪದ್ಮಾಕ್ಷಿ ಮಾತ್ರ ಆಪ್ಷನ್ ಹಾಕದೆ ಕೂತಿದ್ದಳು. ಬಯಲು ಸೀಮೆಯ ಕಡೆ, ನಮ್ಮೂರಿನಿಂದ ಬಸ್ಸಿನಲ್ಲಿ ಆರು ಗಂಟೆಯ ದಾರಿಯ ಕಾಲೇಜೊಂದರಲ್ಲಿ ಜನರಲ್ ಎಂಜಿನಿಯರಿಂಗ್ ಎಂಬ ಪದವಿಯಿತ್ತು. ಮೊದಲೆರಡು ವರ್ಷ ಮಣ್ಣು, ನೀರು, ಕಬ್ಬಿಣ, ವಿದ್ಯುತ್ತು, ಯಂತ್ರ ಎಲ್ಲವನ್ನೂ ಕಲಿಸುತ್ತಾರೆ. ಮೂರನೆಯ ವರ್ಷದಲ್ಲಿ ಬೇಕಾದರೆ ಒಂದನ್ನು ಹಿಡಿಯಬಹುದು, ಬೇಡದಿದ್ದರೆ ಹಾಗೇ ಮುಂದುವರಿಯಬಹುದು. ಆ ರ‍್ಯಾಂಕಿಗೆ ಎರಡೂ ಸಿಗುತ್ತಿದ್ದವು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಆ ಮಾತೆತ್ತಿದಳು. ಅಣ್ಣ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಜನರಲ್ ಅಂದ್ರೆ? ಜನರಲ್ ಸ್ಟೋರ್ಸ್ ಥರಾನಾ? ಎಲ್ಲ ಇರುತ್ತೆ, ನಮಗೆ ಬೇಕಾದ್ದು ಕೇಳಿದ್ರೆ ನಾಳೆ ಬನ್ನಿ ಅಂತಾರೆ."

"ಹಂಗಲ್ಲಪ್ಪ. ನಂಗೆ ಇನ್ನೂ ಏನಿಷ್ಟ ಅಂತ ಗೊತ್ತಿಲ್ಲ. ಎಲ್ಲ ಸ್ವಲ್ಪ ನೋಡಿ..."

"ಗೊತ್ತಿಲ್ಲ ಅಂದ್ರೆ ಏನಮ್ಮ? ಐದನೇ ಕ್ಲಾಸಿಂದ ನನ್ ಜೊತೆ ಗೋಡೆ ನೋಡ್ಕೊಂಡು ಓಡಾಡಿದೀಯ. ನಿನ್ನಷ್ಟು ವಾಲು ಆ ಕಚೇರಿಯೋರಿಗೂ ಗೊತ್ತಿಲ್ಲ. ಇರೋದನ್ನ ಬಿಟ್ಟು ಇಲ್ಲದ್ದನ್ನ ಹುಡ್ಕೊಂಡು ಹೋಗ್ತಾರಾ?"

ನಮ್ಮತ್ತಿಗೆ ನೀಲಾವತಿ ಮಧ್ಯೆ ಬಾಯಿ ಹಾಕಲಿಲ್ಲ. ಅವರು ಕೆರೆಬೀದಿಯ ಅಂಗನವಾಡಿಯಲ್ಲಿ ಟೀಚರು. ಇಪ್ಪತ್ತೆರಡು ಮಕ್ಕಳ ಗಲಾಟೆ ದಿನವೂ ಕೇಳುವವರು ಮನೆಯಲ್ಲಿ ಮಾತು ಕಡಿಮೆ ಮಾಡುತ್ತಾರೆ. ಅಣ್ಣನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿ, "ತಿಂದು ಹೋಗಿ, ಹೊತ್ತಾಯ್ತು" ಎಂದರು.

ನಾನು ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು, ಸರ್ವಮಂಗಳಾ. ಮಟ್ಟದ ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸ. ಅಂದು ಮಧ್ಯಾಹ್ನ ಪದ್ಮಾಕ್ಷಿ ಕಚೇರಿಗೇ ಬಂದಳು. ನನ್ನ ಮೇಜಿನ ತಗ್ಗಿನ ಬದಿಗೆ ಸ್ಟೂಲು ಎಳೆದುಕೊಂಡು ಕೂತು, "ಅತ್ತೆ, ನೀನಾಗಿದ್ರೆ ಯಾವುದು ತಗೋತಿದ್ದೆ?" ಎಂದು ಕೇಳಿದಳು.

ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಬಯಲಿನ ಊರೊಂದರಲ್ಲಿ ಪೀಠೋಪಕರಣ ಮಾಡುವ ಕಾರ್ಖಾನೆಯವರು ನಕ್ಷೆ ತೆಗೆಯುವವರು ಬೇಕೆಂದು ಪತ್ರಿಕೆಯಲ್ಲಿ ಕೇಳಿದ್ದರು. ನಾನು ಯಾರಿಗೂ ತಿಳಿಸದೆ ಬಸ್ಸು ಹತ್ತಿ ಹೋದೆ. ಒಂದು ಬೀರುವಿನ ನಕ್ಷೆ ತೆಗೆಯಲು ಕೊಟ್ಟರು. ಅರ್ಧ ಗಂಟೆಯಲ್ಲಿ ಮುಗಿಸಿದೆ. ಗೆರೆಗಳು ಮುತ್ತಿನ ಹಾಗಿವೆ ಎಂದು ಮ್ಯಾನೇಜರು ಹೊಗಳಿದರು. ಆಮೇಲೆ ಬೀರುವಿನ ಕಾಲುಗಳ ಮೇಲೆ ಬೆರಳಿಟ್ಟು, "ಇವೆರಡು ಯಾಕಮ್ಮ ಉದ್ದ?" ಎಂದು ಕೇಳಿದರು. ನಾನು ತಗ್ಗಿನ ಬದಿಯ ಕಾಲುಗಳನ್ನು ಉದ್ದ ಮಾಡಿದ್ದೆ. ಅವರೇನೂ ನಗಲಿಲ್ಲ. ನಕ್ಕಿದ್ದರೆ ಕೋಪ ಮಾಡಿಕೊಂಡು ಇನ್ನೊಂದು ನಕ್ಷೆ ತೆಗೆದುಕೊಡುತ್ತಿದ್ದೆನೇನೋ. ಪಾಪ ಎನ್ನುವ ಹಾಗೆ ನೋಡಿದರು. ನಾನು ಚೀಲ ಎತ್ತಿಕೊಂಡು ವಾಪಸು ಬಂದೆ.

"ಅಂದ್ರೆ ನಾನು ಜನರಲ್ ತಗೋಬೇಕು ಅಂತೀಯ?" ಎಂದಳು ಪದ್ಮಾಕ್ಷಿ.

"ಹಂಗೇನೂ ಅಂದಿಲ್ಲ. ಇಪ್ಪತ್ತೇಳು ವರ್ಷ ಈ ಮೇಜಿನ ಮುಂದೆ ಕೂತು ಅನ್ನ ತಿಂದಿದೀನಿ. ಈ ಕೆಲಸ ನಂಗೆ ಇಷ್ಟ. ಆದ್ರೆ ಅವತ್ತಿನ ಬೀರು ನೆನಪಾಗ್ತಿರುತ್ತೆ, ಅಷ್ಟೆ. ನೀನೇ ಯೋಚನೆ ಮಾಡು."

ಅವಳಿಗೆ ನನ್ನಿಂದ ಸಿಕ್ಕಿದ್ದು ಇಷ್ಟೇ. ಅವಳು ಎದ್ದು ಹೋದಳು.

ಇದಾಗಿ ನಾಲ್ಕು ದಿನಕ್ಕೆ ಅಂಗನವಾಡಿಯ ಕೆರೆಬದಿಯ ಗೋಡೆಯಲ್ಲಿ ಬಿರುಕು ಕಾಣಿಸಿತು. ಅತ್ತಿಗೆ ಅಣ್ಣನಿಗೆ ಹೇಳಿದರು. ಅಣ್ಣ ಹೋಗಿ, ಎಂದಿನಂತೆ ಸೈಕಲ್ಲಿನ ಮೇಲಿಂದಲೇ, "ವಾಲು. ಎರಡು ಸುತ್ತು ಜಾಕು ಏರಿಸಿದ್ರೆ ಸರಿಹೋಗುತ್ತೆ" ಎಂದ. ಏರಿಸಿದ. ವಾರ ಕಳೆಯುವುದರೊಳಗೆ ಬಿರುಕು ಎರಡು ಬೆರಳು ಹಿಡಿಸುವಷ್ಟಾಯಿತು. ಆಗ ಕಾಲೇಜಿನ ವಾಲು ವಿಭಾಗದ ಮುಖ್ಯಸ್ಥರೇ ಬಂದರು. ಉಪಕರಣ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಯುಗಾದಿಯ ಹೊರಳಿನ ಸೆಳೆತ ಇನ್ನೂ ಪೂರ್ತಿ ಇಳಿದಿಲ್ಲ, ಆಚಾರ್ರು ಮಾಡಿದ್ದು ಸರಿಯಾಗಿದೆ, ಇನ್ನೊಂದು ಸುತ್ತು ಏರಿಸಲಿ ಎಂದರು. ಅಷ್ಟು ದೊಡ್ಡವರ ಬಾಯಲ್ಲಿ ಸರಿ ಎನ್ನಿಸಿಕೊಂಡು ಅಣ್ಣ ಅಂದು ಎದೆಯುಬ್ಬಿಸಿಕೊಂಡು ಮನೆಗೆ ಬಂದ.

ಮರುದಿನ ಪದ್ಮಾಕ್ಷಿ ತಾಯಿಗೆ ಊಟದ ಡಬ್ಬಿ ಕೊಡಲು ಹೋದವಳು ಆ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳಂತೆ. ಅಲ್ಲಿಂದ ನೇರ ಅಪ್ಪ ಕೆಲಸ ಮಾಡುತ್ತಿದ್ದ ಮನೆಗೆ ಹೋದಳು.

"ಅಪ್ಪ, ಅದು ವಾಲಿನ ಬಿರುಕಲ್ಲ ಅನ್ಸುತ್ತೆ."

ಅಣ್ಣ ಬೆಣೆ ಬಡಿಯುತ್ತಲೇ, "ಮತ್ತಿನ್ನೇನು?" ಎಂದ.

"ವಾಲಿನ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ಇದು ಬುಡದಲ್ಲಿ ಅಗಲವಾಗಿದೆ. ವಾಲಿನ ಬಿರುಕಿನಲ್ಲಿ ಪುಡಿ ಒಣಗಿರುತ್ತೆ. ಇದರೊಳಗೆ ಬೆರಳು ಹಾಕಿದ್ರೆ ಒದ್ದೆ. ನೀವೇ ಹೇಳ್ಕೊಟ್ಟಿದ್ದಲ್ವಾ?"

ಆ ಮನೆಯ ಯಜಮಾನ, ಪಕ್ಕದ ಮನೆಯವರು, ಸಹಿ ಹಾಕಲು ಬಂದಿದ್ದ ಎಂಜಿನಿಯರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅಣ್ಣನ ಮುಖ ಕೆಂಪಾಯಿತು. "ಕಾಲೇಜಿನ ಎಚ್ಓಡಿ ನೋಡಿ ಹೋಗಿದಾರೆ. ಅವರಿಗಿಂತ ದೊಡ್ಡವಳಾದ್ಯಾ? ಮೊದಲು ಹೋಗಿ ಆಪ್ಷನ್ ಹಾಕು" ಎಂದ.

ಅವಳು ನನ್ನ ಹತ್ತಿರ ಬಂದಾಗ ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನ ಹೇಳಲು ಹೋದೆ. ಅವಳಿಗೆ ಅದು ಬೇಕಿರಲಿಲ್ಲ. "ಅತ್ತೆ, ಅಂಗನವಾಡಿ ನಕ್ಷೆ ತೆಗಿ. ಆ ಗೋಡೆ ಕೆಳಗೆ ನೀರಿನ ಪೈಪಿದೆಯಾ ನೋಡೋಣ" ಎಂದಳು.

ನಾನೇ ತೆಗೆದ ನಕ್ಷೆ ಅದು. ಕಪಾಟಿನಿಂದ ತಂದು ಮೇಜಿನ ಮೇಲೆ ಹರಡಿದೆ. ಜಾಕುಗಳು ಎಲ್ಲೆಲ್ಲಿವೆ, ಯಾವ ತಿಂಗಳಿಗೆ ಎಷ್ಟು ಸುತ್ತು, ಗೋಡೆಯ ತೂಕ ಯಾವ ಕಡೆ, ಎಲ್ಲವೂ ಮೂರು ಬಣ್ಣದ ಶಾಯಿಯಲ್ಲಿ ಇತ್ತು. ಪೈಪು ಇರಲಿಲ್ಲ. ಇನ್ನೊಂದು ಕಟ್ಟಡದ ನಕ್ಷೆ ಬಿಚ್ಚಿದೆ, ಮತ್ತೊಂದು ಬಿಚ್ಚಿದೆ. ಇಪ್ಪತ್ತೇಳು ವರ್ಷದಲ್ಲಿ ನಾನು ತೆಗೆದ ಒಂದೇ ಒಂದು ನಕ್ಷೆಯಲ್ಲೂ ನೀರಿನ ಪೈಪಾಗಲಿ, ಚರಂಡಿಯಾಗಲಿ ಇರಲಿಲ್ಲ. ವಾಲಿಗೆ ಬೇಕಾದ್ದನ್ನಷ್ಟೇ ಬರೆಯಬೇಕೆಂದು ನಮಗೆ ಕಲಿಸಿದ್ದರು, ನಾವು ಅಷ್ಟನ್ನೇ ಬರೆದಿದ್ದೆವು.

ನೀರು ಸರಬರಾಜು ಕಚೇರಿ ಪಕ್ಕದ ಬೀದಿಯಲ್ಲೇ ಇತ್ತು. ನಾನು ಒಂದು ದಿನವೂ ಅದರ ಮೆಟ್ಟಿಲು ಹತ್ತಿದವಳಲ್ಲ. ಅಲ್ಲಿ ಜುಲೇಖಾ ಎನ್ನುವ ಎಂಜಿನಿಯರು ಇದ್ದರು. ಬಯಲಿನ ಕಡೆಯವರು, ನಮ್ಮೂರಿಗೆ ವರ್ಗವಾಗಿ ಎಂಟು ತಿಂಗಳಾಗಿತ್ತು. ಇನ್ನೂ ನಮ್ಮ ನೆಲದ ಮೇಲೆ ನಡೆಯುವುದು ಬರದೆ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಪದ್ಮಾಕ್ಷಿ ಹೇಳಿದ್ದನ್ನೆಲ್ಲ ಕೇಳಿ, "ನಿಮ್ಮ ವಾಲು ನನಗೆ ಒಂಚೂರೂ ಅರ್ಥ ಆಗಲ್ಲಮ್ಮ. ಆದ್ರೆ ಬುಡ ಒದ್ದೆ ಅಂದ್ಯಲ್ಲ, ಅದು ಅರ್ಥ ಆಗುತ್ತೆ" ಎಂದು ತಮ್ಮ ನಕ್ಷೆ ತೆಗೆದರು. ಅಂಗನವಾಡಿಯ ಗೋಡೆಯ ಉದ್ದಕ್ಕೂ, ಅಡಿಪಾಯಕ್ಕೆ ತಾಗಿಕೊಂಡ ಹಾಗೆ, ಒಂದು ನೀಲಿ ಗೆರೆ ಹೋಗಿತ್ತು. ನಲವತ್ತು ವರ್ಷದ ಹಳೆಯ ಪೈಪು. ಅವರು ಎದ್ದು ನಿಂತರು. "ಮಕ್ಕಳಿದ್ದಾರಾ ಒಳಗೆ?"

ಪದ್ಮಾಕ್ಷಿ ಆಗಲೇ ಓಡುತ್ತಿದ್ದಳು. ನಾನು ಹಿಂದೆ ಓಡಿದೆ. ಕೆರೆಬೀದಿ ಇಳಿಜಾರಿನ ಕಡೆಗೇ ಇದ್ದದ್ದರಿಂದ ಕಾಲುಗಳು ತಾವಾಗಿ ಓಡಿದವು.

ಅತ್ತಿಗೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು. ಪದ್ಮಾಕ್ಷಿ ಬಾಗಿಲಲ್ಲೇ ನಿಂತು, "ಅಮ್ಮ, ಮಕ್ಕಳನ್ನ ಹೊರಗೆ ಕರ್ಕೊಂಡು ಬಾ" ಎಂದಳು. ಅತ್ತಿಗೆ ಗೋಡೆಯ ಕಡೆ ನೋಡಿದರು. "ನಿಮ್ಮಪ್ಪ ಏನಾಗಲ್ಲ ಅಂದಿದಾರೆ" ಎಂದರು. ಆಮೇಲೆ ಮಗಳ ಮುಖ ನೋಡಿದರು. ಇಪ್ಪತ್ತು ವರ್ಷ ಗಂಡನ ಮಾತಿಗೆ ಎದುರಾಡದ ಹೆಂಗಸು. ಬೀದಿಯವರ ಎದುರು, ಅವನು ನಿಲ್ಲಿಸಿದ ಗೋಡೆಯಿಂದ ಮಕ್ಕಳನ್ನು ಎಬ್ಬಿಸಿಕೊಂಡು ಹೋಗುವುದೆಂದರೆ ಏನರ್ಥ ಎಂದು ಅವರಿಗೆ ಗೊತ್ತಿತ್ತು. ಒಂದು ಗಳಿಗೆ ಅಷ್ಟೇ ಯೋಚಿಸಿದ್ದು. "ಎಲ್ರೂ ಎದ್ದೇಳಿ ಪುಟ್ಟ, ಇವತ್ತು ಹೊಂಗೆ ಮರದ ಕೆಳಗೆ ಹಾಡು ಹೇಳೋಣ" ಎಂದರು. ಇಪ್ಪತ್ತೆರಡು ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ರೈಲಿನ ಹಾಗೆ ಹೊರಗೆ ಬಂದವು.

ಜುಲೇಖಾ ಮೇಡಂ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು, ಗೋಡೆಗೆ ದೂರದಿಂದಲೇ ಅಗೆಸಲು ಶುರುಮಾಡಿದರು. ಎರಡಡಿ ಅಗೆಯುವಷ್ಟರಲ್ಲಿ ಗುಂಡಿಗೆ ನೀರು ನುಗ್ಗಿತು. ಅವರು ಆಳುಗಳನ್ನು ಹಿಂದಕ್ಕೆ ಕರೆದು, ಪೈಪಿನ ವಾಲ್ವು ಮುಚ್ಚಲು ಒಬ್ಬನನ್ನು ಓಡಿಸಿದರು. ಅವನು ಬೀದಿಯ ತುದಿ ಮುಟ್ಟಿರಲಿಲ್ಲ. ಗೋಡೆ ಹೆಚ್ಚು ಸದ್ದೇನೂ ಮಾಡಲಿಲ್ಲ. ಸುಸ್ತಾದವರು ಕೂತುಕೊಳ್ಳುವ ಹಾಗೆ ಬುಡದಿಂದ ಕುಸಿದು ಕೂತಿತು. ಮೇಲಿನ ಅರ್ಧ ಅದರ ಮೇಲೆ ಬಿತ್ತು. ಮಕ್ಕಳ ಚಾಪೆಗಳ ಮೇಲೆ ಇಟ್ಟಿಗೆ ಹರಡಿಕೊಂಡಿತು. ಹೊಂಗೆ ಮರದ ಕೆಳಗೆ ಒಂದು ಮಗು ಚಪ್ಪಾಳೆ ತಟ್ಟಿತು. ಅತ್ತಿಗೆ ಮಕ್ಕಳನ್ನು ಎಣಿಸಿದರು, ಮತ್ತೆ ಎಣಿಸಿದರು, ಮೂರನೆಯ ಸಲ ಎಣಿಸುವಾಗ ಅವರ ದನಿ ಒಡೆಯಿತು.

ಅಣ್ಣ ಬಂದದ್ದು ಹದಿನೈದು ನಿಮಿಷದ ಮೇಲೆ. ಸೈಕಲ್ಲು ನಿಲ್ಲಿಸದೆ ಹಾಗೆಯೇ ಬೀಳಲು ಬಿಟ್ಟು ಒಳಗೆ ಹೋದ. ಅವನು ಬುಡದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ಹಿಂಡಿದ. ಬೆರಳುಗಳ ಸಂದಿಯಿಂದ ನೀರು ಇಳಿಯಿತು. ಅವನು ಅದನ್ನೇ ನೋಡುತ್ತ ನಿಂತ.

ಆಮೇಲೆ ಐದು ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಎಚ್ಓಡಿಯವರು ವಾಲಿಗೂ ನೀರಿಗೂ ಸೇರಿ ಹೀಗಾಗಿದೆ ಎಂದು ಒಂದು ವರದಿ ಬರೆದು ತಮ್ಮ ಪಾಡಿಗೆ ತಾವಿದ್ದರು. ಅಂಗನವಾಡಿಯ ಪತ್ರಕ್ಕೆ ಸಹಿ ಹಾಕಿದ್ದ ಎಂಜಿನಿಯರಿಗೆ ಕಚೇರಿಯಿಂದ ಒಂದು ನೋಟೀಸು ಬಂತು. ಸಹಿಯೇ ಇಲ್ಲದ ಅಣ್ಣನಿಗೆ ಯಾರೂ ನೋಟೀಸು ಕೊಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು ಎಂದು ನನಗೆ ತೋರುತ್ತದೆ. ಆಪ್ಷನ್ ಹಾಕಲು ಎರಡು ದಿನ ಉಳಿದಿದ್ದಾಗ ಪದ್ಮಾಕ್ಷಿ ಅವನ ಮುಂದೆ ಬಂದು ಕೂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದೆ.

"ಅಪ್ಪ, ನೀವು ವಾಲಿನ ಬಿರುಕು ಹೆಂಗಿರುತ್ತೆ ಅಂತ ಕಲಿಸಿದ್ರಿ. ಅದಕ್ಕೇ ನಂಗೆ ಇದು ಅದಲ್ಲ ಅಂತ ಗೊತ್ತಾಯ್ತು. ಬೇರೆ ಯಾರ ಮಗಳಾಗಿದ್ರೂ ಗೊತ್ತಾಗ್ತಿರಲಿಲ್ಲ."

ಅಣ್ಣ ತಲೆ ಎತ್ತಿದ. ಐದು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಜೀವ ಬಂತು. "ಹಂಗಾದ್ರೆ ವಾಲೇ ಓದಮ್ಮ. ನನ್ನ ಹಂಗೆ ಕುರುಡಾಗಬೇಡ, ಚೆನ್ನಾಗಿ ಓದು. ನಿನ್ನಂಥೋರು ಆ ಕಚೇರಿಗೆ ಬೇಕು."

"ಇದು ವಾಲಲ್ಲ ಅಂತ ಅಷ್ಟೇ ಗೊತ್ತಾಗಿದ್ದು. ಏನು ಅಂತ ಗೊತ್ತಾಗಲಿಲ್ಲ. ಪೈಪು ಇರಬಹುದು ಅಂತ ಅಂದಾಜು ಮಾಡ್ದೆ. ಇಲ್ಲದೇ ಇದ್ದಿದ್ರೆ? ಮುಂದೆ ಎಲ್ಲಿ ಹುಡುಕಬೇಕು ಅಂತ್ಲೇ ನಂಗೆ ಗೊತ್ತಿರಲಿಲ್ಲ. ಆ ಮೇಡಂ ಎದ್ದು ನಿಂತ್ರಲ್ಲಪ್ಪ, ಅವರಿಗೆ ಗೊತ್ತಿತ್ತು. ನಾನು ಅದನ್ನ ಕಲೀಬೇಕು."

ಹೊರಗೆ ಯಾರದೋ ಬಾಗಿಲು ತಾನಾಗಿ ತೆರೆದುಕೊಂಡು ಕಿರುಗುಟ್ಟಿತು. ಅಣ್ಣ, "ಹಂಗಾದ್ರೆ ಈ ಮನೇಲಿ ಯಾರೂ ವಾಲಿನ ಎಂಜಿನಿಯರ್ ಆಗಲ್ಲ" ಎಂದ. ಅವಳು ಬೇಡಿಕೊಳ್ಳಲಿಲ್ಲ, ಅಳಲಿಲ್ಲ. "ಇಲ್ಲಪ್ಪ" ಎಂದಳು. ಅವನು ಎದ್ದು ಶರಟು ಹಾಕಿಕೊಂಡು ಕೆಲಸಕ್ಕೆ ಹೋದ.

ಬೈದಿದ್ದರೆ ಚೆನ್ನಾಗಿತ್ತು. ಅವಳ ಸೀಟು ಬಂತು, ಹಾಸಿಗೆ ಕಟ್ಟಿದ್ದಾಯಿತು, ಹಾಸ್ಟೆಲ್ಲಿಗೆ ಬೇಕಾದ ಬಕೆಟ್ಟು ತಂದದ್ದಾಯಿತು. ಅಣ್ಣ ಅಷ್ಟೂ ದಿನ ಅವಳೊಡನೆ ಬೇಕು ಬೇಡ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಬಸ್‌ಸ್ಟ್ಯಾಂಡಿಗೆ ನಾನೂ ಅತ್ತಿಗೆಯೂ ಹೋದೆವು. ಕಿಟಕಿಯಲ್ಲಿ ಕೂತ ಪದ್ಮಾಕ್ಷಿ ಬಸ್ಸು ಹೊರಡುವವರೆಗೂ ನಮ್ಮ ತಲೆಗಳ ಮೇಲಿಂದ ರಸ್ತೆಯ ಕಡೆ ನೋಡುತ್ತಲೇ ಇದ್ದಳು.

ನಾವು ಅವಳನ್ನು ಕಳಿಸಿಕೊಟ್ಟು ಸುಖವಾಗಿದ್ದೆವು, ಅವಳು ಅಲ್ಲಿ ಮೊದಲ ದಿನದಿಂದಲೇ ಮಿಂಚಿದಳು ಎಂದೆಲ್ಲ ಹೇಳಲು ನನಗೂ ಆಸೆ. ಹಾಗಾಗಲಿಲ್ಲ. ಮಟ್ಟಸವಾದ ನೆಲದ ಮೇಲೆ ಅವಳಿಗೆ ಒಂದು ತಿಂಗಳು ತಲೆಸುತ್ತು. ಆರು ವಿಷಯ, ಒಂದಕ್ಕೊಂದು ಸಂಬಂಧವಿಲ್ಲ. ವಿದ್ಯುತ್ತಿನದು ತಲೆಗೆ ಹತ್ತಿದರೆ ಕಬ್ಬಿಣದ್ದು ಜಾರಿಹೋಗುತ್ತಿತ್ತು. "ಅತ್ತೆ, ಇಲ್ಲಿ ನಾನು ಯಾವುದರಲ್ಲೂ ಬುದ್ಧಿವಂತೆ ಅಲ್ಲ. ಊರಲ್ಲಿ ಒಂದರಲ್ಲಾದ್ರೂ ಇದ್ದೆ" ಎಂದು ಫೋನಿನಲ್ಲಿ ಹೇಳಿದಳು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ಅವಳು ಫೇಲಾದದ್ದು ಭೂಮಾಪನದಲ್ಲಿ. ಯಾರಾದರೂ ನಂಬುವ ಮಾತೇ? ಮಟ್ಟಗಾರನ ಮಗಳು ನೆಲ ಅಳೆಯುವುದರಲ್ಲಿ ಫೇಲು. ಪ್ರತಿ ಅಳತೆಯಿಂದಲೂ ವಾಲಿನಷ್ಟನ್ನು ಕಳೆಯುವುದು ನಮಗೆ ಉಸಿರಾಡಿದ ಹಾಗೆ. ಕಳೆಯುತ್ತಿದ್ದೇವೆಂಬುದೇ ಗೊತ್ತಾಗುವುದಿಲ್ಲ. ಅವಳು ಪರೀಕ್ಷೆಯ ಉದ್ದಕ್ಕೂ ಹಾಗೆಯೇ ಕಳೆದಿದ್ದಳು. ಎಲ್ಲ ಉತ್ತರವೂ ಅಚ್ಚುಕಟ್ಟು, ಎಲ್ಲವೂ ತಪ್ಪು.

"ಅಪ್ಪಂಗೆ ಹೇಳಬೇಡ ಅತ್ತೆ. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ಹೇಳುವುದಿಲ್ಲ ಎಂದೆ. ಮರುಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವಳು ಮತ್ತೆ ಫೋನು ಮಾಡಿ, ಪುಸ್ತಕದ ಲೆಕ್ಕ ಮಾಡಿದಾಗಲೆಲ್ಲ ಮತ್ತೆ ವಾಲು ಕಳೆದುಬಿಡುತ್ತೇನೆ, ಬಿಟ್ಟು ಬಂದುಬಿಡುತ್ತೇನೆ, ಮುಂದಿನ ವರ್ಷ ವಾಲಿಗೇ ಸೇರುತ್ತೇನೆ ಎಂದಳು. ನನಗೆ ಆ ಬೀರುವಿನ ಮ್ಯಾನೇಜರ ಮುಖ ನೆನಪಾಯಿತು. ಫೋನಿಟ್ಟು, ಕೊಟ್ಟ ಮಾತು ಮುರಿದು, ಅಂಗಳದಲ್ಲಿ ಜಾಕಿಗೆ ಎಣ್ಣೆ ಬಿಡುತ್ತಿದ್ದ ಅಣ್ಣನಿಗೆ ಎಲ್ಲ ಹೇಳಿದೆ.

ಬಿಟ್ಟು ಬರಲಿ ಎಂದಾನು, ಅವನಿಗೆ ಬೇಕಾದದ್ದೂ ಅದೇ ಅಲ್ಲವೇ ಎಂದುಕೊಂಡಿದ್ದೆ. ಅವನು ಕೈ ಒರೆಸಿಕೊಂಡ. "ಯಾವುದರಲ್ಲಿ ಫೇಲು ಅಂದೆ?" ಎಂದು ಇನ್ನೊಮ್ಮೆ ಕೇಳಿದ. ಹೇಳಿದೆ. "ಅದು ಅವಳ ತಪ್ಪಲ್ಲ. ನಾನು ಹಾಕಿದ ಅಭ್ಯಾಸ" ಎಂದ. ಆಮೇಲೆ, "ಬಸ್ಸು ಎಷ್ಟೊತ್ತಿಗೆ?" ಎಂದ. ಅತ್ತಿಗೆ ಅಂಗನವಾಡಿಗೆ ರಜೆ ಹಾಕುವಂತಿರಲಿಲ್ಲ, ರೊಟ್ಟಿ ಚಟ್ನಿಪುಡಿ ಕಟ್ಟಿ ರಾತ್ರಿಯ ಬಸ್ಸಿಗೆ ನನ್ನನ್ನು ಜೊತೆಗೆ ಕಳಿಸಿದರು.

ಅಣ್ಣ ಹುಟ್ಟಿ ಐವತ್ತೈದು ವರ್ಷಕ್ಕೆ ಮಟ್ಟಸ ನೆಲ ಮೆಟ್ಟಿದ. ಬೆಳಿಗ್ಗೆ ಬಸ್ಸಿನಿಂದ ಇಳಿದವನು ಎತ್ತರದ ಬದಿಯ ಕಾಲು ಬಗ್ಗಿಸಿ ನಡೆಯಲು ಹೋಗಿ ನನ್ನ ಮೇಲೆ ಬಿದ್ದ. ಕುಡಿದಿದ್ದಾನೆಂದು ಆಟೋದವರು ನಕ್ಕರು. ನನ್ನ ಹೆಗಲು ಹಿಡಿದುಕೊಂಡೇ ಕಾಲೇಜಿನ ಗೇಟಿನವರೆಗೆ ಬಂದ. ಪರೀಕ್ಷೆ ಹತ್ತಕ್ಕೆ ಶುರು. ಪದ್ಮಾಕ್ಷಿ ಹಾಸ್ಟೆಲ್ಲಿನಿಂದ ಬರುತ್ತಿದ್ದವಳು ನಮ್ಮನ್ನು ನೋಡಿ ಅಲ್ಲೇ ನಿಂತಳು. ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿ, ತಲೆ ತಗ್ಗಿಸಿದಳು.

ಅಣ್ಣ ಅವಳ ಮುಂದೆ ಹೋಗಿ ನಿಂತ. "ನೋಡು, ಪೇಪರು ಕೊಟ್ಟ ತಕ್ಷಣ ಕಾಲು ಕಡೆ ನೋಡ್ಕೋ. ಎರಡು ಪಾದಾನೂ ನೆಲಕ್ಕೆ ಸಮ ಕೂತಿದೆ ಅಂತ ಗೊತ್ತಾಗೋ ತನಕ ಬರೀಬೇಡ. ಆಮೇಲೆ ಬರಿ" ಎಂದ. ಅಷ್ಟೇ. ಅವಳು ತಲೆಯಾಡಿಸಿ ಒಳಗೆ ಹೋದಳು.

ಆ ಪರೀಕ್ಷೆಯಲ್ಲಿ ಅವಳಿಗೆ ನಲವತ್ತೆರಡು ಅಂಕ ಬಂತು, ಪಾಸಾದಳು. ಈಗ ಎರಡನೆಯ ವರ್ಷ ಮುಗಿಯುತ್ತಿದೆ. ಮುಂದೆ ಮಣ್ಣು ಹಿಡಿಯುತ್ತಾಳೋ ನೀರು ಹಿಡಿಯುತ್ತಾಳೋ ಯಾವುದನ್ನೂ ಹಿಡಿಯದೆ ಹಾಗೇ ಹೋಗುತ್ತಾಳೋ, ಅವಳಿಗೇ ಇನ್ನೂ ಗೊತ್ತಿಲ್ಲ. ಅವಳು ಆರಿಸಿದ್ದು ಸರಿಯೋ ತಪ್ಪೋ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಆ ಪರೀಕ್ಷೆಯ ದಿನ ಮಧ್ಯಾಹ್ನ ನಡೆದದ್ದನ್ನು ಹೇಳುತ್ತೇನೆ.

ಒಂದು ಗಂಟೆಗೆ ಅವಳು ಹೊರಗೆ ಬಂದಳು. ನಮ್ಮ ಬಸ್ಸು ಒಂದೂವರೆಗೆ, ಕಾಲೇಜಿನ ಎದುರಿನ ರಸ್ತೆಯಲ್ಲೇ. ತಪ್ಪಿದರೆ ಮತ್ತೆ ಸಂಜೆಗೇ. ಅಣ್ಣ ಹೇಗೆ ಬರೆದೆ ಎಂದು ಕೇಳಲಿಲ್ಲ. "ಏನೇನು ಕೇಳಿದ್ರು?" ಎಂದ. ಅವಳು ಪ್ರಶ್ನೆಪತ್ರಿಕೆ ತೆಗೆದು ಒಂದೊಂದಾಗಿ ಓದಿದಳು. ಮೊದಲ ನಾಲ್ಕಕ್ಕೆ ಅಣ್ಣ ಗೊತ್ತು ಗೊತ್ತು ಎನ್ನುವಂತೆ ತಲೆಯಾಡಿಸಿದ. ಐದನೆಯದು, ಹೊಳೆಯನ್ನು ದಾಟದೆ ಅದರ ಅಗಲ ಅಳೆಯುವುದು ಹೇಗೆ ಎಂದಿತ್ತು.

"ದಾಟದೇನಾ? ಸುಳ್ಳು. ನಾನಾಗಿದ್ರೆ ಹಗ್ಗ ಕಚ್ಕೊಂಡು ಈಜ್ತಿದ್ದೆ."

ಅವಳು ನಕ್ಕಳು. ಮನೆ ಬಿಟ್ಟ ಮೇಲೆ ಅವನೆದುರು ಅವಳು ನಕ್ಕಿದ್ದು ಅದೇ ಮೊದಲು. "ಬನ್ನಿ, ತೋರಿಸ್ತೀನಿ. ಈ ರಸ್ತೇನೇ ಹೊಳೆ ಅಂದ್ಕೊಳ್ಳಿ. ಅತ್ತೆ, ನೀನು ಆ ಕಡೆ ಹೋಗಿ ನಿಂತ್ಕೋ. ನೀನು ಆಚೆ ದಡದ ಮರ. ಅಲ್ಲಾಡಬಾರದು."

ನಾನು ರಸ್ತೆ ದಾಟಿ, ಬಸ್ಸು ನಿಲ್ಲುವ ಕಲ್ಲಿನ ಹತ್ತಿರ ಮರವಾಗಿ ನಿಂತೆ. ಅವಳು ನನ್ನ ನೇರಕ್ಕೆ ನಿಂತು, ರಸ್ತೆಯ ಅಂಚಿನಲ್ಲಿ ಹತ್ತು ಹೆಜ್ಜೆ ನಡೆದು ಒಂದು ಕಡ್ಡಿ ನೆಟ್ಟಳು. ಇನ್ನೂ ಹತ್ತು ಹೆಜ್ಜೆ ನಡೆದು ಅಣ್ಣನನ್ನು ನಿಲ್ಲಿಸಿ, ರಸ್ತೆಗೆ ಬೆನ್ನು ಮಾಡಿ ಪಕ್ಕದ ಮೈದಾನದೊಳಕ್ಕೆ ನೇರ ನಡೆಯಲು ಹೇಳಿದಳು. ಒಂದೊಂದು ಹೆಜ್ಜೆಗೂ ತಿರುಗಿ ನೋಡಬೇಕು, ಕಡ್ಡಿಯೂ ಮರವೂ ಒಂದರ ಹಿಂದೊಂದು ಬಂದಾಗ ನಿಲ್ಲಬೇಕು. "ಎಷ್ಟು ಹೆಜ್ಜೆ ಆಯ್ತೋ ಅಷ್ಟೇ ಅಪ್ಪ ಹೊಳೆ ಅಗಲ" ಎಂದಳು. ಅಣ್ಣ ತೂರಾಡುತ್ತ, ಎಣಿಸುತ್ತ, ತಿರುಗಿ ತಿರುಗಿ ನೋಡುತ್ತ ಹೋದ.

ಅಷ್ಟರಲ್ಲಿ ನಮ್ಮೂರ ಬಸ್ಸು ಬಂದು ನನ್ನ ಮುಂದೆಯೇ ನಿಂತಿತು. ಅವರಿಬ್ಬರೂ ಮರೆಯಾದರು. "ಹತ್ತೀರೇನಮ್ಮ?" ಎಂದು ಕಂಡಕ್ಟರು ಕೇಳಿದ. ನಾನು ಬಾಯಿ ಬಿಡಲಿಲ್ಲ. ಅವನು ಸೀಟಿ ಊದಿದ, ಬಸ್ಸು ಹೋಯಿತು. ಧೂಳು ಇಳಿದಾಗ ಅಣ್ಣ ಮೈದಾನದ ನಡುವೆ ಒಂದು ಕಣ್ಣು ಮುಚ್ಚಿಕೊಂಡು ನನ್ನ ಕಡೆಗೇ ನೋಡುತ್ತ ನಿಂತಿದ್ದ. "ಹದಿನಾಲ್ಕು!" ಎಂದು ಕೂಗಿದ. ಕೂಗಿದವನೇ ಓಡುತ್ತ ನನ್ನ ನೇರಕ್ಕೆ ರಸ್ತೆಯ ಅಂಚಿಗೆ ಬಂದು, ಅಲ್ಲಿಂದ ನಿಧಾನವಾಗಿ ಹೆಜ್ಜೆ ಹಾಕುತ್ತ ರಸ್ತೆ ದಾಟತೊಡಗಿದ. ಹದಿನಾಲ್ಕನೆಯ ಹೆಜ್ಜೆಗೆ ಅವನ ಚಪ್ಪಲಿ ನನ್ನ ಕಾಲಿಗೆ ತಾಗಿತು. ಅವನು ನನ್ನ ಮುಖ ನೋಡಲಿಲ್ಲ, ಬಸ್ಸು ಎಲ್ಲಿ ಎಂದು ಕೇಳಲಿಲ್ಲ. ಮಗಳ ಕಡೆ ತಿರುಗಿ, "ಪದ್ಮಿ, ಯಾಕೆ ಹಿಂ‌ಗಾಗುತ್ತೆ? ಮೊದಲಿಂದ ಹೇಳು" ಎಂದ.